ಮಾವನ ವಂಶವೃಕ್ಷದ ರಿಪೇರಿ: ಮ್ಯಾಂಚೆಸ್ಟರ್‌ನಿಂದ ಮೇಯೋ ತನಕ

ಕಳೆದ ನವೆಂಬರ್‌ನಲ್ಲಿ ಶುರು ಮಾಡಿದ ಕೆಲಸ ಇದು. ಜುಲೈ ಹೊತ್ತಿಗೆ ಒಂದು ದಡ ಸೇರಿತು. ಆಗಾಗ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದನ್ನೇ ಜೋಡಿಸಿ ಹಾಕುತ್ತಿದ್ದೇನೆ. ಇಂಗ್ಲೆಂಡಿನಲ್ಲಿರುವ ಐರಿಷ್ ಮೂಲದ ಮನೆಗೆ ಸೇರಿದ ಕನ್ನಡದವರು ನಾನೊಬ್ಬಳೇ ಅಲ್ಲ, ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ನಾನು ಹರಪನಹಳ್ಳಿ ಕಡೆಯವಳು. ಮದುವೆಯಾಗಿ ಮ್ಯಾಂಚೆಸ್ಟರ್‌ಗೆ ಬಂದು 14 ವರ್ಷ ಆಯಿತು. ಮಾವನಿಗೆ ಈಗ 82. "ನಾವು ಮೇಯೋದವರು" ಅಂತ ಅವರ ಅಜ್ಜ ಹೇಳುತ್ತಿದ್ದರಂತೆ. ಮೇಯೋ ಅಂದರೆ ಐರ್ಲೆಂಡಿನ ಪಶ್ಚಿಮದ ಒಂದು ಕೌಂಟಿ, ನಮ್ಮ ಜಿಲ್ಲೆ ಇದ್ದ ಹಾಗೆ. ಜಿಲ್ಲೆ ಗೊತ್ತು, ಊರು ಗೊತ್ತಿಲ್ಲ. ನಮ್ಮ ಕಡೆ ಹೆಳವರು ಬರುತ್ತಾರೆ ಅಲ್ವಾ, ಎತ್ತಿನ ಜೊತೆ ಅಂಗಳಕ್ಕೆ ಬಂದು, ನಮ್ಮ ತಾತ-ಮುತ್ತಾತಂದಿರ ಹೆಸರು, ಅವರು ಯಾವ ಊರು ಬಿಟ್ಟು ಯಾವ ಊರಿಗೆ ಬಂದರು ಅನ್ನೋದನ್ನೆಲ್ಲ ಹಾಡಿದ ಹಾಗೆ ಹೇಳಿ, ಜೋಳ ಇಸ್ಕೊಂಡು ಹೋಗೋದನ್ನು ನೋಡಿ ಬೆಳೆದವಳು ನಾನು. ಈ ವಯಸ್ಸಲ್ಲೂ ಮಾವನಿಗೆ ಮೂಲದ ಊರಿನ ಹೆಸರು ಸಿಕ್ಕಿಲ್ಲ ಅನ್ನೋದು ಮನಸ್ಸಿಗೆ ಚುಚ್ಚಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆತನದ ಹೆಸರು, ಹಳ್ಳಿಯ ಹೆಸರು ಇಲ್ಲಿ ಹಾಕುವುದಿಲ್ಲ. ಆ ಮನೆಯವರು ಈಗಲೂ ಅಲ್ಲೇ ಬದುಕಿದ್ದಾರೆ.

ನವೆಂಬರ್: ಬಿಚ್ಚಿ ನೋಡಿದ್ದು

ಸೊನ್ನೆಯಿಂದ ಶುರು ಮಾಡಿದ್ದಲ್ಲ. ಸಂಬಂಧಿಕರೊಬ್ಬರು ಇಪ್ಪತ್ತು ವರ್ಷದ ಹಿಂದೆ ಮಾಡಿದ್ದ ವಂಶವೃಕ್ಷ ಮನೆಯಲ್ಲಿತ್ತು. ಅದರಲ್ಲಿ ಮಾವನ ಮುತ್ತಜ್ಜ ಉತ್ತರ ಮೇಯೋದ ಒಂದು ಪ್ಯಾರಿಷ್‌ನಲ್ಲಿ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರುಗಳ ಗುಂಪು) 1835ರಲ್ಲಿ ಜ್ಞಾನಸ್ನಾನ ಪಡೆದವನು ಅಂತ ಇತ್ತು. ಹೆಸರು ಸರಿ, ವರ್ಷ ಸರಿ, ಅಪ್ಪನ ಹೆಸರೂ ಸರಿ. ಆದರೆ ಆ ಹುಡುಗನೇ ಮ್ಯಾಂಚೆಸ್ಟರ್‌ಗೆ ಬಂದ ಅನ್ನೋದಕ್ಕೆ ಒಂದು ಚೀಟಿಯೂ ಇರಲಿಲ್ಲ.

ಇಲ್ಲೇ ಎಲ್ಲರೂ ಎಡವೋದು. ಅಮೆರಿಕಕ್ಕೆ ಹೋದವರಿಗೆ ಹಡಗಿನ ಪಟ್ಟಿ ಇರುತ್ತದೆ. ಇಂಗ್ಲೆಂಡಿಗೆ ಬಂದವರಿಗೆ ಅಂಥದ್ದೇನೂ ಇಲ್ಲ. 1801ರಿಂದ 1922ರವರೆಗೆ ಐರ್ಲೆಂಡ್ ಬ್ರಿಟನ್ ಜೊತೆ ಒಂದೇ ರಾಜ್ಯವಾಗಿತ್ತು. ಡಬ್ಲಿನ್‌ನಿಂದ ಲಿವರ್‌ಪೂಲ್‌ಗೆ ಬರೋದು ಅಂದರೆ ಬಳ್ಳಾರಿಯವನು ಕೂಲಿಗೆ ಬೆಂಗಳೂರಿಗೆ ಬಂದ ಹಾಗೆ. ಯಾರು ಹೆಸರು ಬರೆದುಕೊಳ್ಳುತ್ತಾರೆ? ಆಲೂಗಡ್ಡೆ ಕೊಳೆತು ಬರಗಾಲ ಬಿದ್ದ ಕಾಲದಲ್ಲಿ, 1847ರ ಒಂದೇ ವರ್ಷದಲ್ಲಿ, ಸುಮಾರು 3 ಲಕ್ಷ ಐರಿಷ್ ಜನ ಲಿವರ್‌ಪೂಲ್‌ನಲ್ಲಿ ಇಳಿದರು. ಆ ಜನರ ಹೆಸರಿನ ಪಟ್ಟಿ ಎಲ್ಲೂ ಇಲ್ಲ. ಹಾಗಾಗಿ "ಯಾವ ಹಡಗಿನಲ್ಲಿ ಬಂದ" ಅಂತ ಹುಡುಕುತ್ತಾ ಕೂರಬೇಡಿ. ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಊರು? ಅದಕ್ಕೆ ಉತ್ತರ ಬಹುತೇಕ ಇಂಗ್ಲೆಂಡಿನ ಕಾಗದದಲ್ಲೇ ಇರುತ್ತದೆ, ಅದೂ ನೀವು ಹುಡುಕುವ ಮನುಷ್ಯನ ಕಾಗದದಲ್ಲಿ ಅಲ್ಲ, ಅವನ ಅಕ್ಕಪಕ್ಕದವರ ಕಾಗದದಲ್ಲಿ.

ಡಿಸೆಂಬರ್: ತಪ್ಪು ಮನುಷ್ಯ

ಮೊದಲು ಹಳೆಯ ವೃಕ್ಷದ ಆ ಕೊಂಬೆ ಗಟ್ಟಿ ಇದೆಯಾ ಅಂತ ಅಲ್ಲಾಡಿಸಿ ನೋಡಬೇಕಿತ್ತು. ನಾನು ಮಾಡಿದ್ದು ಇಷ್ಟೇ. ಆ ಉತ್ತರ ಮೇಯೋದ ಹುಡುಗ ಐರ್ಲೆಂಡಿನಲ್ಲೇ ಉಳಿದುಬಿಟ್ಟನಾ ಅಂತ ಹುಡುಕಿದೆ. ಅವನು ಅಲ್ಲೇ ಮದುವೆಯಾಗಿದ್ದರೆ, ಅಲ್ಲೇ ಸತ್ತಿದ್ದರೆ, ಅವನು ನಮ್ಮವನಲ್ಲ.

ಐರ್ಲೆಂಡಿನಲ್ಲಿ ಜನನ, ಮದುವೆ, ಮರಣದ ಸರ್ಕಾರಿ ನೋಂದಣಿ ಎಲ್ಲರಿಗೂ ಶುರುವಾಗಿದ್ದು 1864ರಲ್ಲಿ. ಕ್ಯಾಥೊಲಿಕ್ ಅಲ್ಲದವರ ಮದುವೆ ಮಾತ್ರ 1845ರಿಂದ ಇದೆ. ಆ ರಿಜಿಸ್ಟರ್ ಪುಟಗಳ ಫೋಟೋ 'ಐರಿಷ್ ಜೀನಿಯಾಲಜಿ' ಅನ್ನೋ ಸರ್ಕಾರಿ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನೂರು ವರ್ಷ ದಾಟಿದ ಜನನ, 75 ವರ್ಷ ದಾಟಿದ ಮದುವೆ, 50 ವರ್ಷ ದಾಟಿದ ಮರಣ. ಮದುವೆ ದಾಖಲೆಯಲ್ಲಿ ಗಂಡು-ಹೆಣ್ಣು ಇಬ್ಬರ ಅಪ್ಪಂದಿರ ಹೆಸರೂ ಇರುತ್ತದೆ.

ಎರಡನೇ ಸಂಜೆಗೇ ಸಿಕ್ಕಿತು. ಅದೇ ಹೆಸರು, ಅದೇ ಅಪ್ಪ, ಅದೇ ಪ್ಯಾರಿಷ್, 1868ರಲ್ಲಿ ಮದುವೆ. 1901ರ ಐರ್ಲೆಂಡ್ ಜನಗಣತಿಯಲ್ಲೂ ಅದೇ ಮನುಷ್ಯ ಅದೇ ಊರಿನಲ್ಲಿ, ಹೆಂಡತಿ ಮಕ್ಕಳ ಜೊತೆ. ನಮ್ಮ ಮುತ್ತಜ್ಜನಿಗೆ 1868ರಲ್ಲಿ ಮ್ಯಾಂಚೆಸ್ಟರ್‌ನ ಆನ್‌ಕೋಟ್ಸ್‌ನಲ್ಲಿ ನಾಲ್ಕನೇ ಮಗು ಹುಟ್ಟಿತ್ತು. ಇಬ್ಬರೂ ಒಬ್ಬರೇ ಆಗೋಕೆ ಸಾಧ್ಯವೇ ಇಲ್ಲ.

ಮಾವನಿಗೆ ಹೇಳೋಕೆ ಎರಡು ದಿನ ತಗೊಂಡೆ. ಆ ಪ್ಯಾರಿಷ್‌ಗೆ ಅವರು ಅತ್ತೆಯ ಜೊತೆ ಹೋಗಿ ಬಂದಿದ್ದರು, ಅಲ್ಲಿಯ ಸ್ಮಶಾನದಲ್ಲಿ ಹೂವು ಇಟ್ಟಿದ್ದರು. ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಮ್ಮವರು ಎಲ್ಲೋ ಕಾಯ್ತಾ ಇದ್ದಾರೆ, ನೋಡಮ್ಮ" ಅಂದರು. ಆ ಮಾತಿಗೆ ನಾನು ಹಿಂದೆ ಸರಿಯಲಿಲ್ಲ.

ಜನವರಿ, ಫೆಬ್ರವರಿ: ಇಂಗ್ಲೆಂಡಿನ ಕಡೆ ಭದ್ರ ಮಾಡಿದ್ದು

ಆ ಕೊಂಬೆ ಕತ್ತರಿಸಿ ಹಾಕಿ, ಬುಡದಿಂದ ಮೇಲಕ್ಕೆ ಬಂದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ 1837ರ ಜುಲೈ 1ರಿಂದ ಇದೆ. ಜನರಲ್ ರಿಜಿಸ್ಟರ್ ಆಫೀಸ್‌ನ ಆನ್‌ಲೈನ್ ಸೂಚಿಯಲ್ಲಿ ಮಗುವಿನ ತಾಯಿಯ ತವರಿನ ಹೆಸರೂ ಬರುತ್ತದೆ, ಇದು ದೊಡ್ಡ ಉಪಕಾರ. ತಂದೆಯ ಮನೆತನದ ಹೆಸರು ಮತ್ತು ತಾಯಿಯ ತವರಿನ ಹೆಸರು ಎರಡನ್ನೂ ಹಾಕಿ ಮ್ಯಾಂಚೆಸ್ಟರ್ ವಲಯದಲ್ಲಿ ಹುಡುಕಿದೆ. ಐದು ಮಕ್ಕಳು ಸಾಲಾಗಿ ಬಂದರು: 1860, 1862, 1865, 1868, 1872. ಕೊನೆಯವನೇ ಮಾವನ ಅಜ್ಜ. ಮಧ್ಯದ ಮಗು ಎರಡು ವರ್ಷಕ್ಕೇ ತೀರಿಕೊಂಡಿದೆ. ಈ ಮಗುವಿನ ಹೆಸರು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

1859ರ ಮದುವೆ ಸರ್ಟಿಫಿಕೇಟ್ ತರಿಸಿದೆ. ಅಪ್ಪನ ಹೆಸರು, ಕಸುಬು 'ಕೂಲಿ'. ಸಹಿಯ ಜಾಗದಲ್ಲಿ ಇಬ್ಬರದ್ದೂ ಗೀಟಿನ ಗುರುತು, ನಮ್ಮ ಹೆಬ್ಬೆಟ್ಟಿನ ಹಾಗೆ. ಓದು ಬರಹ ಇಲ್ಲ ಅಂದರೆ ಒಂದು ವಿಷಯ ಗಟ್ಟಿ ನೆನಪಿಡಬೇಕು: ಅವರ ಹೆಸರನ್ನು ಅವರು ಬರೆದಿಲ್ಲ, ಕಿವಿಗೆ ಬಿದ್ದ ಹಾಗೆ ಇನ್ಯಾರೋ ಬರೆದಿದ್ದಾರೆ. ಲ್ಯಾಂಕಾಶೈರ್ ಗುಮಾಸ್ತನ ಕಿವಿಗೆ ಮೇಯೋ ಉಚ್ಚಾರಣೆ. ಮನೆತನದ ಹೆಸರು ನನಗೆ ಐದು ಥರ ಸಿಕ್ಕಿತು, ಒಂದು ಕಡೆ ಐರಿಷ್ ಹೆಸರುಗಳ ಮುಂದೆ ಬರುವ 'ಓ' ಇದೆ, ಇನ್ನೊಂದು ಕಡೆ ಮೊದಲ ಅಕ್ಷರವೇ ಬೇರೆ.

ಹೆಸರಿನಿಂದ ಹುಡುಕಿದರೆ ಸಿಗದಿದ್ದಾಗ ನಾನು ಮಾಡಿದ ಉಪಾಯ ಇದು. ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟೆ. ಗಂಡ, ಹೆಂಡತಿ, ಇಬ್ಬರು ದೊಡ್ಡ ಮಕ್ಕಳ ಮೊದಲ ಹೆಸರು ಮತ್ತು ವಯಸ್ಸು ಮಾತ್ರ ಹಾಕಿದೆ. 1871ರ ಜನಗಣತಿಯಲ್ಲಿ ಹಾಗೇ ಸಿಕ್ಕರು.

ಜನಗಣತಿ ಬಗ್ಗೆ ಸ್ವಲ್ಪ. ಮನೆಮಂದಿಯ ಹೆಸರು ಸಮೇತ ಸಿಗೋದು 1841ರಿಂದ. ಅದರಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿರುತ್ತಾರೆ, ಐರ್ಲೆಂಡಿನವರ ಹುಟ್ಟೂರಿನ ಜಾಗದಲ್ಲಿ ಬರೀ 'ಐ' ಅಕ್ಷರ ಇರುತ್ತದೆ. 1851ರಿಂದ ಸಂಬಂಧ, ವಯಸ್ಸು, ಹುಟ್ಟಿದ ಜಾಗ ಎಲ್ಲ ಇದೆ. ಆದರೆ ಇಂಗ್ಲೆಂಡಿನಲ್ಲಿ ಹುಟ್ಟಿದವನಿಗೆ ಊರಿನ ಹೆಸರು ಬರೆಯುವ ಗುಮಾಸ್ತ, ಐರಿಷ್‌ನವನಿಗೆ ಬಹಳ ಸಲ ಬರೀ 'ಐರ್ಲೆಂಡ್' ಅಂತ ಬರೆದು ಮುಂದಕ್ಕೆ ಹೋಗಿದ್ದಾನೆ. 1851ರಲ್ಲಿ ಇಂಗ್ಲೆಂಡ್, ವೇಲ್ಸ್ ಸೇರಿ ಐರ್ಲೆಂಡಿನಲ್ಲಿ ಹುಟ್ಟಿದವರು ಸುಮಾರು 5 ಲಕ್ಷ 20 ಸಾವಿರ ಜನ ಇದ್ದರು. ಅಷ್ಟು ಜನರಲ್ಲಿ ಎಷ್ಟು ಜನರ ಊರು ಆ ಒಂದು ಪದದಲ್ಲಿ ಮುಚ್ಚಿಹೋಯಿತು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಮುತ್ತಜ್ಜನಿಗೆ 1861ರಲ್ಲಿ 26 ವರ್ಷ, 1871ರಲ್ಲಿ 38, 1881ರಲ್ಲಿ 45. ವಯಸ್ಸು ಹೀಗೆ ಹಿಂದೆ ಮುಂದೆ ಆಗೋದು ಮಾಮೂಲು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹುಟ್ಟಿದ ಜಾಗ ಮೊದಲೆರಡರಲ್ಲಿ 'ಐರ್ಲೆಂಡ್', 1881ರಲ್ಲಿ 'ಮೇಯೋ'. ಅಷ್ಟೇ. 1891ಕ್ಕೆ ಮೊದಲೇ ತೀರಿಕೊಂಡಿದ್ದಾನೆ. ಅವನ ದಾರಿ ಅಲ್ಲಿಗೆ ಮುಗಿಯಿತು.

ಇದರ ನಡುವೆ ಸೇನೆಯ ದಾಖಲೆಯನ್ನೂ ನೋಡಿದೆ, ಯಾಕೆಂದರೆ ಬ್ರಿಟಿಷ್ ಸೇನೆಯಿಂದ ಪಿಂಚಣಿ ಪಡೆದ ಸಿಪಾಯಿಯ ಕಾಗದದಲ್ಲಿ 'ಇಂಥ ಪ್ಯಾರಿಷ್, ಇಂಥ ಪೇಟೆ ಹತ್ತಿರ, ಇಂಥ ಕೌಂಟಿ' ಅಂತ ಸ್ಪಷ್ಟವಾಗಿ ಇರುತ್ತದೆ. ನಮ್ಮವನು ಸಿಪಾಯಿ ಅಲ್ಲ. ಬಡವರನ್ನು ಹಡಗು ಹತ್ತಿಸಿ ಐರ್ಲೆಂಡಿಗೆ ವಾಪಸ್ ಕಳಿಸಿದ ದಾಖಲೆಗಳಲ್ಲೂ ಇಲ್ಲ. ಅವುಗಳಲ್ಲಿ ಅವನ ಹೆಸರು ಇಲ್ಲ ಅನ್ನೋದು ಸಮಾಧಾನವೇ.

ಮಾರ್ಚ್: ತಂಗಿ

1861ರ ಪುಟವನ್ನು ಎಷ್ಟು ಸಲ ನೋಡಿದ್ದೆನೋ. ಆನ್‌ಕೋಟ್ಸ್‌ನ ಒಂದು ಮನೆ, ಗಂಡ, ಹೆಂಡತಿ, ಒಂದು ಕೂಸು, ಇಬ್ಬರು ಬಾಡಿಗೆಯವರು, ಮತ್ತು ಒಬ್ಬಳು 'ತಂಗಿ'. ವಯಸ್ಸು 20, ಹತ್ತಿ ಗಿರಣಿಯಲ್ಲಿ ಕೆಲಸ. ಹಳೆಯ ವೃಕ್ಷದಲ್ಲಿ ಅವಳ ಹೆಸರಿನ ಪಕ್ಕ ಒಂದು ಟಿಪ್ಪಣಿ ಇತ್ತು: ಮುಂದೆ ಗೊತ್ತಿಲ್ಲ, 1911ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅದೇ ಮೊದಲ ಹೆಸರಿನ ಒಬ್ಬ ವಿಧವೆ ಇದ್ದಾಳೆ, ಆದರೆ ಅವಳು ರಾಸ್‌ಕಾಮನ್ ಕೌಂಟಿಯವಳು, ನಮ್ಮವಳಲ್ಲ.

ನನಗೂ ಮೊದಲು ಅದು ಸರಿ ಅಂತಲೇ ಅನ್ನಿಸಿತ್ತು. ಮತ್ತೆ ತಂಗಿಯನ್ನು ಹಿಡಿದು ಹೊರಟೆ. 1863ರಲ್ಲಿ ಅವಳ ಮದುವೆ. ಸರ್ಟಿಫಿಕೇಟ್‌ನಲ್ಲಿ ಅಪ್ಪನ ಹೆಸರು ಅಣ್ಣನ ಸರ್ಟಿಫಿಕೇಟ್‌ನಲ್ಲಿ ಇದ್ದದ್ದೇ. ಸಾಕ್ಷಿ ನಿಂತವಳು ಅತ್ತಿಗೆ. ಗಂಡನ ಮನೆತನದ ಹೆಸರು ಸಿಕ್ಕಿದ ಮೇಲೆ 1871, 1881, 1891, 1901, ಹೀಗೆ ಹತ್ತತ್ತು ವರ್ಷ ದಾಟುತ್ತಾ ಬಂದೆ. 1911ರಲ್ಲಿ ನಿಂತೆ. ಮಗಳ ಮನೆಯಲ್ಲಿರುವ 71ರ ವಿಧವೆ. ಹಳೆಯ ವೃಕ್ಷ ಬೇಡ ಅಂದ ಅದೇ ಹೆಂಗಸು.

1911ರ ಜನಗಣತಿ ಬೇರೆಯವುಗಳ ಹಾಗಲ್ಲ. ಮನೆಯವರೇ ತುಂಬಿದ ಹಾಳೆಯೇ ಉಳಿದಿದೆ. ಐರ್ಲೆಂಡ್ ಆಗಿನ್ನೂ ಒಂದೇ ರಾಜ್ಯದೊಳಗೆ ಇದ್ದುದರಿಂದ ಕೌಂಟಿ ಜೊತೆ ಪೇಟೆ ಅಥವಾ ಪ್ಯಾರಿಷ್ ಹೆಸರನ್ನೂ ಕೇಳಿದ್ದರು. ಅಳಿಯ ಅತ್ತೆಯನ್ನು ಕೇಳಿ, ದುಂಡಗೆ ಬರೆದಿದ್ದ: ರಾಸ್‌ಕಾಮನ್, ಬಲಹಡರೀನ್.

ಅಣ್ಣ ಮೇಯೋ, ತಂಗಿ ರಾಸ್‌ಕಾಮನ್. ಹೇಗೆ?

ಹರಪನಹಳ್ಳಿಯವಳಿಗೆ ಇದಕ್ಕೆ ಉತ್ತರ ಬೇರೆ ಯಾರೂ ಹೇಳಬೇಕಾಗಿಲ್ಲ. ನಮ್ಮಮ್ಮನ ಶಾಲೆಯ ಕಾಗದದಲ್ಲಿ ಬಳ್ಳಾರಿ ಜಿಲ್ಲೆ. 1997ರಲ್ಲಿ ನಮ್ಮ ತಾಲ್ಲೂಕು ದಾವಣಗೆರೆಗೆ ಹೋಯಿತು, ನನ್ನ ಕಾಗದಗಳಲ್ಲಿ ಅದೇ ಇದೆ. ಆಮೇಲೆ ವಾಪಸ್ ಬಳ್ಳಾರಿಗೆ ಬಂತು. 2021ರಿಂದ ವಿಜಯನಗರ. ಮನೆ ಇದ್ದಲ್ಲೇ ಇದೆ, ಬಾವಿ ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಓಡಾಡುತ್ತದೆ. ರಾತ್ರಿ ಹನ್ನೊಂದಕ್ಕೆ ಬಲಹಡರೀನ್‌ನ ಇತಿಹಾಸ ತೆಗೆದೆ. 1898ರ ಸ್ಥಳೀಯ ಆಡಳಿತ ಕಾನೂನಿನ ಅಡಿಯಲ್ಲಿ ಆ ಪೇಟೆ ಮೇಯೋದಿಂದ ರಾಸ್‌ಕಾಮನ್‌ಗೆ ಸೇರಿದೆ! ಅಣ್ಣ 1881ರಲ್ಲಿ ಹೇಳಿದ್ದೂ ನಿಜ, ತಂಗಿ 1911ರಲ್ಲಿ ಹೇಳಿದ್ದೂ ನಿಜ. ಗಂಡನನ್ನು ಎಬ್ಬಿಸಿ ಹೇಳಿದೆ. ಅಮ್ಮನಿಗೆ ಬೆಳಗ್ಗೆ ಫೋನ್ ಮಾಡಿದೆ, ಅವರಿಗಂತೂ ಒಂದೇ ಮಾತಿಗೆ ಅರ್ಥ ಆಯಿತು.

ಏಪ್ರಿಲ್, ಮೇ: ಪ್ಯಾರಿಷ್ ಮತ್ತು ಪಹಣಿ

ಬಲಹಡರೀನ್, ಐರಿಷ್‌ನಲ್ಲಿ ಬ್ಯಾಲಖ್ ಅನ್ ಡಿರೀನ್, ಅಂದರೆ ಚಿಕ್ಕ ಓಕ್ ತೋಪಿನ ದಾರಿ. ಕಿಲ್‌ಕೋಲ್ಮನ್ ಅನ್ನೋ ಪ್ಯಾರಿಷ್, ಕಾಸ್ಟೆಲೊ ಅನ್ನೋ ಬ್ಯಾರನಿ. ಬ್ಯಾರನಿಯನ್ನು ಹೋಬಳಿ ಅಂದುಕೊಳ್ಳಿ. ಮೇಯೋದಲ್ಲೇ ಇನ್ನೊಂದು ಕಿಲ್‌ಕೋಲ್ಮನ್ ಕ್ಲ್ಯಾನ್‌ಮಾರಿಸ್ ಬ್ಯಾರನಿಯಲ್ಲಿ ಇದೆ, ಅದರೊಳಗೆ ಹೋಗಿ ಒಂದು ವಾರ ಕಳೆದುಕೊಂಡೆ. ಹಾಗಾಗಿ ಪ್ಯಾರಿಷ್ ಹೆಸರು ಸಿಕ್ಕ ಕೂಡಲೇ ಬ್ಯಾರನಿ ಹೆಸರನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಪ್ಯಾರಿಷ್ ಕೆಳಗೆ ಟೌನ್‌ಲ್ಯಾಂಡ್ ಬರುತ್ತದೆ. ಹೆಸರಲ್ಲಿ ಟೌನ್ ಇದ್ದರೂ ಅದು ಹಳ್ಳಿಯಷ್ಟೂ ದೊಡ್ಡದಲ್ಲ, ಕೆಲವು ಮನೆ ಮತ್ತು ಸುತ್ತಲಿನ ಹೊಲ. ಇಡೀ ಐರ್ಲೆಂಡಿನಲ್ಲಿ ಇಂಥವು 60 ಸಾವಿರಕ್ಕೂ ಜಾಸ್ತಿ ಇವೆ.

ಮಾಮೂಲಾಗಿ ಈಗ ಚರ್ಚ್ ರಿಜಿಸ್ಟರ್ ನೋಡಬೇಕು. ಐರ್ಲೆಂಡಿನ ನ್ಯಾಷನಲ್ ಲೈಬ್ರರಿ 2015ರಲ್ಲಿ ಕ್ಯಾಥೊಲಿಕ್ ಪ್ಯಾರಿಷ್‌ಗಳ ರಿಜಿಸ್ಟರ್ ಫೋಟೋಗಳನ್ನು ಉಚಿತವಾಗಿ ಬಿಟ್ಟಿತು, ಸುಮಾರು 1880ರವರೆಗಿನವು. ಹೆಸರುಗಳು ಎಷ್ಟೋ ಕಡೆ ಲ್ಯಾಟಿನ್‌ನಲ್ಲಿ: ಜೇಮ್ಸ್ ಇದ್ದವನು ಯಾಕೋಬುಸ್, ವಿಲಿಯಂ ಇದ್ದವನು ಗುಲಿಯೆಲ್ಮುಸ್. ಆದರೆ ಪಶ್ಚಿಮದ ಬಡ ಪ್ಯಾರಿಷ್‌ಗಳಲ್ಲಿ ರಿಜಿಸ್ಟರ್ ತಡವಾಗಿ ಶುರುವಾಗುತ್ತದೆ. 1830ರ ದಶಕದ ಮಗುವಿನ ಜ್ಞಾನಸ್ನಾನ ನನಗೆ ಸಿಗಲಿಲ್ಲ.

ಜನಗಣತಿಯಾದರೂ? ಇಲ್ಲ. ಐರ್ಲೆಂಡಿನ 1821ರಿಂದ 1851ರವರೆಗಿನ ಜನಗಣತಿ ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆ ಭಂಡಾರದಲ್ಲಿತ್ತು. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ವಾರದಲ್ಲೇ, ಅದು ಸ್ಫೋಟದಲ್ಲಿ ಸುಟ್ಟುಹೋಯಿತು. ಕೆಲವು ಚೂರುಗಳು ಮಾತ್ರ ಉಳಿದಿವೆ. 1861, 1871ರದ್ದನ್ನು ಅದಕ್ಕೂ ಮೊದಲೇ ಸರ್ಕಾರವೇ ನಾಶ ಮಾಡಿತ್ತು. 1881, 1891ರದ್ದು ಮೊದಲ ಮಹಾಯುದ್ಧದ ಹೊತ್ತಿಗೆ ಕಾಗದದ ತಿರುಳಾಯಿತು. 1851ರ ಆ ಹಾಳೆಗಳಲ್ಲಿ ಮನೆಯಿಂದ ದೂರ ಹೋಗಿರುವವರು ಯಾರು, ಹಿಂದಿನ ಹತ್ತು ವರ್ಷದಲ್ಲಿ ಸತ್ತವರು ಯಾರು ಅಂತ ಕೂಡ ಬರೆಸಿದ್ದರು. ಬರಗಾಲದ ಹತ್ತು ವರ್ಷ ಅದು. ಸುಮಾರು 10 ಲಕ್ಷ ಜನ ಸತ್ತ ಕಾಲ. ಮನೆ ಮನೆಯ ಲೆಕ್ಕ ಹಾಗೆ ಬೂದಿಯಾಯಿತು.

ಉಳಿದದ್ದು ಗ್ರಿಫಿತ್ ವ್ಯಾಲ್ಯುಯೇಷನ್. ರಿಚರ್ಡ್ ಗ್ರಿಫಿತ್ ಅನ್ನೋ ಅಧಿಕಾರಿಯ ಕೈಕೆಳಗೆ 1847ರಿಂದ 1864ರವರೆಗೆ ಇಡೀ ಐರ್ಲೆಂಡಿನ ಮನೆ, ಜಮೀನುಗಳಿಗೆ ತೆರಿಗೆ ಬೆಲೆ ಕಟ್ಟಿದ ಪಟ್ಟಿ. ಪಹಣಿ ಓದಿ ಗೊತ್ತಿರುವವರಿಗೆ ಇದು ಸಲೀಸು: ಅನುಭವದಲ್ಲಿರುವವರು, ಒಡೆಯ, ವಿಸ್ತೀರ್ಣ, ಬೆಲೆ, ನಕ್ಷೆಯ ನಂಬರ್. ಅಪ್ಪನ ಹೆಸರು ಹಾಕಿದೆ. ಆ ಪ್ಯಾರಿಷ್‌ನಲ್ಲಿ ಮೂವರು ಬಂದರು. ಯಾರು ನಮ್ಮವನು? ಹಿಂದಿನವರು ಮಾಡಿದ ತಪ್ಪನ್ನೇ ಮಾಡಲು ನನಗೆ ಇಷ್ಟವಿರಲಿಲ್ಲ. ನಿಲ್ಲಿಸಿದೆ.

ಜೂನ್: ಪಿಂಚಣಿ ಅರ್ಜಿ

ವಾಪಸ್ ಮ್ಯಾಂಚೆಸ್ಟರ್‌ಗೆ ಬಂದೆ. ತಂಗಿಯ ಮದುವೆಯ ಸರ್ಕಾರಿ ಸರ್ಟಿಫಿಕೇಟ್ ಇತ್ತು, ಚರ್ಚಿನ ಸ್ವಂತ ರಿಜಿಸ್ಟರ್ ನೋಡಿರಲಿಲ್ಲ. ಇವೆರಡೂ ಒಂದೇ ಅಂದುಕೊಂಡು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಸರ್ಕಾರದ್ದರಲ್ಲಿ ಅಪ್ಪ ಮಾತ್ರ. ಚರ್ಚಿನ ಲ್ಯಾಟಿನ್ ಪುಟದಲ್ಲಿ ಅಮ್ಮನ ಹೆಸರೂ ಇತ್ತು. ಇಲ್ಲಿನ ಲೈಬ್ರರಿಗಳ ಕಂಪ್ಯೂಟರ್‌ಗಳಲ್ಲಿ ದುಡ್ಡು ಕೊಡಬೇಕಾದ ವಂಶಾವಳಿ ತಾಣಗಳನ್ನು ಉಚಿತವಾಗಿ ನೋಡಬಹುದು, ಒಂದು ಶನಿವಾರ ಅಲ್ಲೇ ಕೂತು ಇದನ್ನು ತೆಗೆದೆ. ಮುತ್ತಜ್ಜ ತನ್ನ ಎರಡನೇ ಮಗಳಿಗೆ ಇಟ್ಟಿದ್ದು ಅದೇ ಹೆಸರು! ಐರಿಷ್ ಹಳೆಯ ಪದ್ಧತಿಯಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೇ ಮಗನಿಗೆ ಅಮ್ಮನ ಅಪ್ಪನ ಹೆಸರು, ಮೊದಲ ಮಗಳಿಗೆ ಅಮ್ಮನ ಅಮ್ಮನದ್ದು, ಎರಡನೆಯವಳಿಗೆ ಅಪ್ಪನ ಅಮ್ಮನದ್ದು. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ಇಡೋದು ನಮ್ಮಲ್ಲೂ ಉಂಟು, ಹಾಗಾಗಿ ಇದು ಮನಸ್ಸಿಗೆ ಬೇಗ ಹತ್ತಿತು. ಎಲ್ಲ ಮನೆಯಲ್ಲೂ ಹೀಗೇ ಇರುತ್ತದೆ ಅಂತಲ್ಲ, ಆದರೆ ತಾಳೆ ನೋಡೋಕೆ ಚೆನ್ನಾಗಿದೆ.

ಅಪ್ಪ, ಅಮ್ಮ ಇಬ್ಬರ ಹೆಸರೂ ಕೈಲಿದೆ. ಈಗ ಊರಲ್ಲೇ ಉಳಿದ ಒಡಹುಟ್ಟಿದವರು ಯಾರಾದರೂ ಬೇಕು.

1908ರಲ್ಲಿ ವೃದ್ಧಾಪ್ಯ ಪಿಂಚಣಿ ಕಾನೂನು ಬಂತು, 1909ರ ಜನವರಿ 1ರಿಂದ 70 ದಾಟಿದವರಿಗೆ ಹಣ ಕೊಡಲು ಶುರು ಮಾಡಿದರು. ಐರ್ಲೆಂಡಿನ ಮುದುಕರಿಗೆ ಹುಟ್ಟಿದ ದಾಖಲೆ ಎಲ್ಲಿಂದ ಬರಬೇಕು? ನೋಂದಣಿಯೇ 1864ಕ್ಕೆ ಶುರು. ಹಾಗಾಗಿ "1841 ಅಥವಾ 1851ರ ಜನಗಣತಿಯಲ್ಲಿ ನಾನು ಮಗುವಾಗಿದ್ದೆ, ತೆಗೆದು ನೋಡಿ" ಅಂತ ಅರ್ಜಿ ಹಾಕುತ್ತಿದ್ದರು. ಅಪ್ಪ, ಅಮ್ಮನ ಹೆಸರು, ಆಗ ಇದ್ದ ಟೌನ್‌ಲ್ಯಾಂಡ್, ಪ್ಯಾರಿಷ್, ಬ್ಯಾರನಿ ಎಲ್ಲ ಬರೆಯಬೇಕಿತ್ತು. ಗುಮಾಸ್ತ ಪುಸ್ತಕ ತೆಗೆದು ನೋಡಿ ಉತ್ತರ ಬರೆಯುತ್ತಿದ್ದ. ಪುಸ್ತಕ 1922ರಲ್ಲಿ ಸುಟ್ಟುಹೋಯಿತು, ಈ ಅರ್ಜಿಗಳು ಉಳಿದುಕೊಂಡವು. ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿ ಉಚಿತವಾಗಿವೆ.

ಮೇಯೋ, ಕಾಸ್ಟೆಲೊ, ಕಿಲ್‌ಕೋಲ್ಮನ್, ಮನೆತನದ ಹೆಸರು. ನಾಲ್ಕು ಅರ್ಜಿ ಬಂದವು. ಮೂರನೆಯದರಲ್ಲಿ ಅಪ್ಪ, ಅಮ್ಮ ಇಬ್ಬರೂ ನಮ್ಮವರೇ. 1851ರಲ್ಲಿ ಎಂಟು ವರ್ಷದ ಹುಡುಗ, 1913ರಲ್ಲಿ 70ರ ಮುದುಕ. ಈಗಿನ ವಿಳಾಸ: ಬಲಹಡರೀನ್, ರಾಸ್‌ಕಾಮನ್. 1851ರ ವಿಳಾಸ: ಮೇಯೋ. ಒಂದೇ ಹಾಳೆಯಲ್ಲಿ ಎರಡೂ ಕೌಂಟಿ. ಅದರ ಮಧ್ಯೆ ಟೌನ್‌ಲ್ಯಾಂಡ್‌ನ ಹೆಸರು. ಕೆಳಗೆ ಗುಮಾಸ್ತನ ಒಂದೇ ಪದ: ಸಿಕ್ಕಿದೆ.

ಆ ಟೌನ್‌ಲ್ಯಾಂಡ್ ಹಿಡಿದು ಮತ್ತೆ ಗ್ರಿಫಿತ್ ಪಟ್ಟಿಗೆ ಹೋದೆ. ಅಪ್ಪನ ಹೆಸರು ಅಲ್ಲಿ ಇರಲೇ ಇಲ್ಲ. ಅಮ್ಮನ ಹೆಸರಿತ್ತು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದಾನೆ, ಅದಕ್ಕೇ ನನಗೆ ಮೊದಲು ಸಿಗಲಿಲ್ಲ. ಮದುವೆ ಸರ್ಟಿಫಿಕೇಟ್‌ನಲ್ಲಿ ಅಪ್ಪನ ಹೆಸರಿನ ಮುಂದೆ 'ತೀರಿಕೊಂಡಿದ್ದಾರೆ' ಅಂತ ಬರೆದಿಲ್ಲ ಅಂದರೆ ಬದುಕಿದ್ದ ಅಂತ ಅರ್ಥ ಅಲ್ಲ, ಇದು ನೆನಪಿರಲಿ. ಅವಳ ಹೆಸರಿನ ಮುಂದೆ ಮನೆ ಒಂದೇ, ಜಮೀನು ಇಲ್ಲ. 1847ರಲ್ಲಿ ತಂದ ಕಾನೂನಿನ ಪ್ರಕಾರ ಕಾಲು ಎಕರೆಗಿಂತ ಜಾಸ್ತಿ ಜಮೀನು ಹಿಡಿದುಕೊಂಡವರಿಗೆ ಸರ್ಕಾರದ ನೆರವು ಸಿಗುತ್ತಿರಲಿಲ್ಲ. ಗಂಜಿ ಬೇಕಿದ್ದರೆ ಹೊಲ ಬಿಡಬೇಕು. ಆ ಮನೆಯಲ್ಲಿ ಏನಾಯಿತು ಅಂತ ಬರೆದ ಕಾಗದ ಇಲ್ಲ, ಹಾಗಾಗಿ ವೃಕ್ಷದಲ್ಲಿ ನಾನೂ ಏನೂ ಬರೆದಿಲ್ಲ. ಆದರೆ ಆ ಖಾಲಿ ಜಾಗವನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದೆ.

ಜುಲೈ

ಕೊನೆಯ ಕೊಂಡಿ ಅಮ್ಮನ ಮರಣ ದಾಖಲೆ, 1870ರ ದಶಕದ್ದು, ಅದೇ ಟೌನ್‌ಲ್ಯಾಂಡ್. 'ಕೂಲಿಯವನ ವಿಧವೆ.' ಸಾಯುವಾಗ ಜೊತೆಗಿದ್ದು ತಿಳಿಸಿದವನು ಕಿರಿಯ ಮಗ, ಮುಂದೆ ಪಿಂಚಣಿ ಅರ್ಜಿ ಹಾಕಿದವನೇ. ಸಹಿ ಜಾಗದಲ್ಲಿ ಅವನದ್ದೂ ಗೀಟಿನ ಗುರುತು.

ಒಂದು ಭಾನುವಾರ ಮಧ್ಯಾಹ್ನ ಎಲ್ಲವನ್ನೂ ಪ್ರಿಂಟ್ ಮಾಡಿಕೊಂಡು ಮಾವನ ಮನೆಗೆ ಹೋದೆವು. ಹಳೆಯ ಸರ್ವೆ ನಕ್ಷೆಯಲ್ಲಿ ಗ್ರಿಫಿತ್ ನಂಬರ್ ಇರುವ ಮನೆಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದೆ. ಮಾವ ಕನ್ನಡಕ ಒರೆಸಿಕೊಂಡು ನೋಡಿದರು. ತಂಗಿಯ ಹೆಸರನ್ನು ಎರಡು ಸಲ ಓದಿದರು. ಅವಳ ಮರಿಮಕ್ಕಳು ಇಲ್ಲೇ ಸ್ಟಾಕ್‌ಪೋರ್ಟ್‌ನಲ್ಲಿ ಇರಬಹುದಾ ಅಂತ ಕೇಳಿದರು. ಹುಡುಕುತ್ತೇನೆ ಅಂದೆ.

ಹೊಸ ವೃಕ್ಷದಲ್ಲಿ ಹುಟ್ಟಿದ ಜಾಗ ಹೇಗೆ ಬರೆಯಲಿ ಅಂತ ಅವರನ್ನೇ ಕೇಳಿದೆ. ಈಗಿನ ನಕ್ಷೆ ಪ್ರಕಾರ ಅದು ರಾಸ್‌ಕಾಮನ್, ಆಗಿನ ಪ್ರಕಾರ ಮೇಯೋ.

"ಅವನು ಮೇಯೋ ಅಂದಿದ್ದ, ಮೇಯೋ ಅಂತಲೇ ಬರಿಯಮ್ಮ" ಅಂದರು. ಸ್ವಲ್ಪ ತಡೆದು, "ಅವಳಿಗೆ ರಾಸ್‌ಕಾಮನ್ ಬರಿ. ಅವಳು ಹೇಳಿದ್ದು ಅದನ್ನೇ ಅಲ್ವಾ" ಅಂದರು. ಹಾಗೇ ಬರೆದಿದ್ದೇನೆ.